ಯೂಸರ್ ಮಾಡಿದ್ದಾಯ್ತು, ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ: ದೋಷವನ್ನು ಎಲ್ಲಿ ಹುಡುಕಬೇಕು?

ಗಂಗಾವತಿ ಕಡೆ ಭತ್ತದ ಸುಗ್ಗಿ ಬಂತೆಂದರೆ ರೈಸ್ ಮಿಲ್ ಆಫೀಸಿನಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಗೇಟಿನಾಚೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು. ಒಳಗೆ ಕಾಟಾ (ತೂಕದ) ಚೀಟಿ ಮಾಡುವವರು, ಬಿಲ್ ಹಾಕುವವರು, ಲೆಕ್ಕ ನೋಡುವವರು ಎಲ್ಲರೂ ಒಂದೇ ಸರ್ವರ್‌ನ ಫೋಲ್ಡರ್‌ಗಳಲ್ಲಿ ಕೆಲಸ ಮಾಡುತ್ತಿರುತ್ತಾರೆ. ಅಂಥ ಒಂದು ದಿನ ಬೆಳಿಗ್ಗೆ ಒಂದು ಮಿಲ್ಲಿನಿಂದ ಫೋನ್ ಬಂತು.

“ಸರ್, ಕಾಟಾಕ್ಕ ಹೊಸ ಹುಡುಗ ಬಂದಾನ್ರಿ. ಅವಂದು ಯೂಸರ್ ಮಾಡೇವಿ, ಪೇಜಿನ್ಯಾಗ ಹೆಸರೂ ಕಾಣ್ತೈತಿ. ಆದ್ರ ಕಾಟಾ ಫೋಲ್ಡರ್ ತೆಗದ್ರ ಆಕ್ಸೆಸ್ ಡಿನೈಡ್ ಅಂತ ಬರಾಕತ್ತೈತ್ರಿ.”

ಕೊಪ್ಪಳ, ಗಂಗಾವತಿ, ಸಿಂಧನೂರು ಸುತ್ತಮುತ್ತ ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಹೆಚ್ಚಿನ ಕಡೆ ವ್ಯವಸ್ಥೆಯೂ ಒಂದೇ ಥರ. ಮೂಲೆಯಲ್ಲಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ ಒಂದು ಕಂಪ್ಯೂಟರ್. ಅದರಲ್ಲಿರುವ ಫೋಲ್ಡರ್‌ಗಳನ್ನು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹಂಚಲು ಸಾಂಬಾ. ಯೂಸರ್ ಸೇರಿಸಲು, ತೆಗೆಯಲು, ಯಾರಿಗೆ ಯಾವ ಫೋಲ್ಡರ್ ಎಂದು ಹೇಳಲು ಬ್ರೌಸರ್‌ನಲ್ಲಿ ತೆರೆಯುವ ವೆಬ್‌ಮಿನ್. ಕೆಲವು ಕಡೆ ವೆಬ್‌ಮಿನ್ ಬದಲು ಕಾಕ್‌ಪಿಟ್ ಇರುತ್ತದೆ, ಇಲ್ಲವೇ ನಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್) ಡಬ್ಬಿಯದೇ ಪೇಜ್ ಇರುತ್ತದೆ. ಬಟನ್‌ಗಳ ಜಾಗ ಬೇರೆ, ಹುಡುಕುವ ದಾರಿ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೇಜ್‌ನಲ್ಲಿ ಹೆಸರು ಕಾಣುತ್ತಿದೆ ಎಂದರೆ ಹೆಸರು ಎಲ್ಲೋ ಒಂದು ಕಡೆ ಬರೆದಿದೆ ಎಂದಷ್ಟೇ ಅರ್ಥ. ಆ ಮನುಷ್ಯ ಫೋಲ್ಡರ್ ತನಕ ಹೋಗಬಲ್ಲ ಎಂದಲ್ಲ. ಮಿಲ್ಲಿನಲ್ಲೇ ನೋಡಿ. ಗೇಟಿನಲ್ಲಿ ವಾಚ್‌ಮನ್ ಹೆಸರು ಕೇಳುತ್ತಾನೆ. ಆಮೇಲೆ ಗೋದಾಮಿನ ಬಾಗಿಲು. ಅದರೊಳಗೆ ಬೀಗ ಹಾಕಿದ ಬೀರು. ಸಾಂಬಾದಲ್ಲೂ ಹೀಗೇ ಮೂರು ಕಡೆ ತಡೆಯುತ್ತಾರೆ: ನೀನು ಯಾರು, ಈ ಶೇರ್‌ಗೆ (ಹಂಚಿದ ಫೋಲ್ಡರ್‌ಗೆ) ನಿನಗೆ ಅನುಮತಿ ಇದೆಯಾ, ಡಿಸ್ಕಿನ ಮೇಲಿರುವ ಈ ಫೈಲ್‌ಗೆ ನಿನಗೆ ಹಕ್ಕಿದೆಯಾ. ನಿಮ್ಮ ಹುಡುಗ ಎಲ್ಲಿ ನಿಂತಿದ್ದಾನೆ ಎಂದು ಗೊತ್ತಾಗುವವರೆಗೆ ಏನನ್ನೂ ಬದಲಿಸಬೇಡಿ.

ಮೊದಲು ನಂಬರ್ ನೋಡಿ

ವಿಂಡೋಸ್ ತೋರಿಸುವ ದೊಡ್ಡ ಡಬ್ಬಿಯ ಸಂದೇಶ ಹೆಚ್ಚೇನೂ ಹೇಳುವುದಿಲ್ಲ. ಅದನ್ನು ಮುಚ್ಚಿ. ಆ ಹುಡುಗ ಕೂರುವ ಕಂಪ್ಯೂಟರ್‌ನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಯೂಸ್’ ಎಂದು ಬರೆದು, ಮುಂದೆ ಸರ್ವರ್ ಮತ್ತು ಶೇರ್‌ನ ದಾರಿ ಕೊಡಿ. ಸೋತರೆ ಒಂದು ನಂಬರ್ ಬರುತ್ತದೆ. ಅದನ್ನು ಚೀಟಿಯ ಮೇಲೆ ಬರೆದುಕೊಳ್ಳಿ.

53 ಬಂದರೆ ಸರ್ವರ್ ತನಕ ದಾರಿಯೇ ಇಲ್ಲ. ಕೇಬಲ್, ಐಪಿ, ಫೈರ್‌ವಾಲ್‌ನಲ್ಲಿ 445ನೇ ಪೋರ್ಟ್, ಇವುಗಳನ್ನು ನೋಡಿ. ಪರ್ಮಿಷನ್ ಪೇಜ್ ತೆರೆಯುವ ಅಗತ್ಯವೇ ಇಲ್ಲ. 67 ಬಂದರೆ ಸರ್ವರ್ ಸಿಕ್ಕಿದೆ, ಶೇರ್ ಹೆಸರು ತಪ್ಪಿದೆ. 86 ಅಥವಾ 1326 ಬಂದರೆ ಹೆಸರೋ ಪಾಸ್‌ವರ್ಡೋ ಸರಿಯಿಲ್ಲ, ಅಂದರೆ ಗೇಟಿನಲ್ಲೇ ನಿಂತಿದ್ದಾನೆ. 1219 ಬಂದರೆ ಅದೇ ಕಂಪ್ಯೂಟರ್‌ನಿಂದ ಅದೇ ಸರ್ವರ್‌ಗೆ ಬೇರೆ ಹೆಸರಿನಲ್ಲಿ ಆಗಲೇ ಒಂದು ಸಂಪರ್ಕ ಇದೆ. ಒಂದೇ ಕಂಪ್ಯೂಟರ್‌ನಲ್ಲಿ ಪಾಳಿ ಮೇಲೆ ಇಬ್ಬರು ಕೂರುವ ಕಡೆ ಇದು ದಿನವೂ ಬರುತ್ತದೆ.

5 ಬಂದರೆ ‘ಆಕ್ಸೆಸ್ ಡಿನೈಡ್’. ಗುರುತು ಒಪ್ಪಿಗೆಯಾಗಿದೆ, ಪರ್ಮಿಷನ್ ಇಲ್ಲ ಎಂದು ಇದರ ಅರ್ಥ. ಸಾಮಾನ್ಯವಾಗಿ. ಮಿಲ್ಲಿನ ಹುಡುಗನಿಗೆ ಬಂದಿದ್ದು ಇದೇ 5, ಮತ್ತು ಅಲ್ಲಿ ಎಲ್ಲರೂ ದಾರಿ ತಪ್ಪಿದ್ದೂ ಇದರಿಂದಲೇ.

ಸ್ಕ್ಯಾನ್ ಫೋಲ್ಡರ್ ಯಾಕೆ ತೆರೆಯಿತು?

ನಾನು ಹೋಗುವಷ್ಟರಲ್ಲಿ ಅವರು ಸುಮ್ನೆ ಕೂತಿರಲಿಲ್ಲ. ಯಾರೋ ಫೋನಿನಲ್ಲಿ ಹೇಳಿದರೆಂದು ಕಾಟಾ ಫೋಲ್ಡರ್‌ಗೆ, ಅದರೊಳಗಿನ ಎಲ್ಲಕ್ಕೂ, 777 (ಯಾರು ಬೇಕಾದರೂ ಓದಿ, ಬರೆಯಬಹುದು ಎಂಬ ಪರ್ಮಿಷನ್) ಕೊಟ್ಟಿದ್ದರು. ಆದರೂ ತೆರೆದಿರಲಿಲ್ಲ. “ಪಾಸ್‌ವರ್ಡ್ ಸರಿ ಐತ್ರಿ. ನೋಡ್ರಿ, ಸ್ಕ್ಯಾನ್ ಫೋಲ್ಡರ್ ತೆಗೀತೈತಿ” ಎಂದು ಹುಡುಗ ತೋರಿಸಿದ. ನಿಜ, ಸ್ಕ್ಯಾನರ್‌ನಿಂದ ಬರುವ ಚೀಟಿಗಳ ಫೋಲ್ಡರ್ ಸಲೀಸಾಗಿ ತೆರೆಯುತ್ತಿತ್ತು. ಹಾಗಾಗಿ ಲಾಗಿನ್ ಸರಿ ಇದೆ, ಪರ್ಮಿಷನ್‌ನಲ್ಲಿ ತಪ್ಪಿದೆ ಎಂದು ಎಲ್ಲರೂ ನಂಬಿದ್ದರು.

ಆ ಫೋಲ್ಡರ್ ತೆರೆದೇ ಇರಲಿ ಎಂದು ಹೇಳಿ ನಾನು ಸರ್ವರ್‌ನಲ್ಲಿ ‘ಎಸ್‌ಎಂಬಿಸ್ಟೇಟಸ್’ ಓಡಿಸಿದೆ. ಈಗ ಯಾರು ಯಾವ ಕಂಪ್ಯೂಟರ್‌ನಿಂದ ಒಳಗಿದ್ದಾರೆ ಎಂದು ಅದು ಪಟ್ಟಿ ಕೊಡುತ್ತದೆ. ವೆಬ್‌ಮಿನ್‌ನ ಸಾಂಬಾ ಪುಟದಲ್ಲೂ ಈಗಿನ ಸಂಪರ್ಕಗಳನ್ನು ನೋಡಬಹುದು. ಲೆಕ್ಕದ ಅಕ್ಕನವರ ಐಪಿ ಎದುರು ಅವರ ಹೆಸರಿತ್ತು. ಬಿಲ್ಲಿಂಗ್ ಕಂಪ್ಯೂಟರ್ ಎದುರು ಆ ಗುಮಾಸ್ತರ ಹೆಸರಿತ್ತು. ಕಾಟಾ ಕಂಪ್ಯೂಟರ್ ಎದುರು ಹುಡುಗನ ಹೆಸರು ಇರಲಿಲ್ಲ. ಅಲ್ಲಿ ‘ನೋಬಡಿ’ ಎಂದಿತ್ತು.

ಇಡೀ ದೋಷ ಆ ಒಂದು ಪದದಲ್ಲಿದೆ. ಲಿನಕ್ಸ್‌ನ ಯೂಸರ್ ಪಟ್ಟಿ ಬೇರೆ, ಸಾಂಬಾದ ಪಟ್ಟಿ ಬೇರೆ. ಲಿನಕ್ಸ್ ಪಾಸ್‌ವರ್ಡ್ ಒಂದು ರೀತಿಯ ಗುಪ್ತ ರೂಪದಲ್ಲಿ ಇಡುತ್ತದೆ, ವಿಂಡೋಸ್ ಕೇಳುವುದು ಇನ್ನೊಂದು ರೂಪ. ಒಂದರಿಂದ ಇನ್ನೊಂದನ್ನು ತಯಾರಿಸಲು ಬರುವುದಿಲ್ಲ. ಹಾಗಾಗಿ ಸಾಂಬಾ ತನ್ನದೇ ಖಾತೆ ಪುಸ್ತಕ ಇಟ್ಟುಕೊಂಡಿದೆ. ವೆಬ್‌ಮಿನ್‌ನ ‘ಯೂಸರ್ಸ್ ಆಂಡ್ ಗ್ರೂಪ್ಸ್’ ಪುಟದಲ್ಲಿ ಮಾಡಿದ ಹೆಸರು ಲಿನಕ್ಸ್ ಪಟ್ಟಿಗೆ ಹೋಗುತ್ತದೆ. ಸಾಂಬಾ ಪಟ್ಟಿಗೂ ತಾನೇ ಹೋಗಬೇಕೆಂದರೆ ಸಾಂಬಾ ಪುಟದಲ್ಲಿ ಆ ಜೋಡಣೆಯನ್ನು ನಾವೇ ಆನ್ ಮಾಡಿರಬೇಕು. ಅಲ್ಲಿ ಮಾಡಿರಲಿಲ್ಲ.

ಸರಿ, ಸಾಂಬಾ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ 1326 ಬರಬೇಕಿತ್ತು ಅಲ್ವಾ? ಉಬುಂಟು, ಡೆಬಿಯನ್ ಜೊತೆ ಬರುವ ಸಾಂಬಾದ ಸೆಟ್ಟಿಂಗ್ ಕಡತದಲ್ಲಿ ‘ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್’ ಎಂಬ ಒಂದು ಸಾಲಿದೆ. ಪಾಸ್‌ವರ್ಡ್ ತಪ್ಪಿದರೆ ತಡಿ, ಆದರೆ ಹೆಸರೇ ಗೊತ್ತಿಲ್ಲದಿದ್ದರೆ ಗೆಸ್ಟ್ ಅಂತ ಒಳಗೆ ಬಿಡು ಎಂದು ಅದರ ಅರ್ಥ. ಹುಡುಗನ ಹೆಸರು ಸಾಂಬಾಕ್ಕೆ ಗೊತ್ತಿರಲಿಲ್ಲ. ಅದು ಅವನನ್ನು ಗೆಸ್ಟ್ ಮಾಡಿತು. ಪಟ್ಟಿಯಲ್ಲಿ ಕಂಡ ‘ನೋಬಡಿ’ ಈ ಗೆಸ್ಟ್‌ನ ಹೆಸರೇ. ಸ್ಕ್ಯಾನ್ ಫೋಲ್ಡರ್ ಗೆಸ್ಟ್‌ಗೂ ತೆರೆದಿತ್ತು, ಹೋದ. ಕಾಟಾ ಶೇರ್ ತನ್ನ ಗುಂಪಿನವರನ್ನು ಮಾತ್ರ ಬಿಡುತ್ತಿತ್ತು, ನಿಂತ. ಗೇಟಿನ ತಪ್ಪು ಗೋದಾಮಿನ ಬಾಗಿಲ ತಪ್ಪಿನಂತೆ ಕಂಡಿತು.

ಆ ಕಂಪ್ಯೂಟರ್‌ನಲ್ಲಿ ಇದ್ದದ್ದು ವಿಂಡೋಸ್ 10ರ ಹೋಮ್ ಆವೃತ್ತಿ. ಅದು ಗೆಸ್ಟ್ ಆಗಿ ಹೋಗಲು ಒಪ್ಪುತ್ತದೆ. ವಿಂಡೋಸ್ 11ರ 24ಎಚ್2 ಪ್ರೊ ಇದ್ದಿದ್ದರೆ ಗೆಸ್ಟ್ ಪ್ರವೇಶವನ್ನೇ ತಡೆದಿದೆ ಎಂಬ ಬೇರೆ ಸಂದೇಶ ಬರುತ್ತಿತ್ತು. ಹೊಸ ಕಂಪ್ಯೂಟರ್ ತಂದ ಮೇಲೆ ಹಳೆಯ ನಾಸ್ ತೆರೆಯುತ್ತಿಲ್ಲ ಎನ್ನುವವರಲ್ಲಿ ಬಹಳ ಮಂದಿಯದು ಇದೇ ಕಥೆ. ಅಲ್ಲಿ ವಿಂಡೋಸ್‌ನ ತಡೆ ತೆಗೆಯಬೇಡಿ. ಎಲ್ಲರಿಗೂ ಹೆಸರು, ಪಾಸ್‌ವರ್ಡ್ ಕೊಡಿ.

ಸಾಂಬಾ ಪಟ್ಟಿ ನೋಡಲು ಸರ್ವರ್‌ನಲ್ಲಿ ‘ಪಿಡಿಬಿಎಡಿಟ್’ ಕಮಾಂಡನ್ನು ದೊಡ್ಡ ಎಲ್ ಆಯ್ಕೆಯ ಜೊತೆ ಓಡಿಸಿ. ಹೆಸರು ಇಲ್ಲದಿದ್ದರೆ ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ಗೆ ಸಣ್ಣ ಎ ಆಯ್ಕೆ ಕೊಟ್ಟು ಸೇರಿಸಬಹುದು, ಇಲ್ಲವೇ ವೆಬ್‌ಮಿನ್‌ನ ಸಾಂಬಾ ಪುಟದಿಂದ ಲಿನಕ್ಸ್ ಯೂಸರ್‌ಗಳನ್ನು ಸಾಂಬಾಕ್ಕೆ ತರಬಹುದು. ಪುಟದಿಂದ ತಂದರೂ ಹಳೆಯ ಪಾಸ್‌ವರ್ಡ್ ಜೊತೆಗೆ ಬರುವುದಿಲ್ಲ, ಹೊಸದಾಗಿ ಕೊಡಲೇಬೇಕು. ಆಮೇಲೆ ತಾನೇ ಹೊಂದಿಸುವ ಜೋಡಣೆಯನ್ನು ಆನ್ ಮಾಡಿ. ನೆನಪಿಡಿ, ಅದು ವೆಬ್‌ಮಿನ್ ಮೂಲಕ ಮಾಡಿದ ಬದಲಾವಣೆಗೆ ಮಾತ್ರ. ಯಾರಾದರೂ ಟರ್ಮಿನಲ್‌ನಲ್ಲಿ ಲಿನಕ್ಸ್ ಪಾಸ್‌ವರ್ಡ್ ಬದಲಿಸಿದರೆ ಸಾಂಬಾದಲ್ಲಿ ಹಳೆಯದೇ ಉಳಿಯುತ್ತದೆ.

777 ಬಗ್ಗೆ

ಇದರ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಿಲ್ಲಿನಲ್ಲಿ ಅದರಿಂದ ದೋಷವೂ ಹೋಗಲಿಲ್ಲ, ಇದ್ದ ವ್ಯವಸ್ಥೆಯೂ ಹಾಳಾಯಿತು. ಯಾವ ಚೀಟಿಯನ್ನು ಯಾರು ತಿದ್ದಬಹುದು, ಯಾರು ಓದಬಹುದು ಎಂಬ ವ್ಯತ್ಯಾಸ ಒಂದೇ ಸಾಲಿನಲ್ಲಿ ಅಳಿಸಿಹೋಯಿತು. ಅದನ್ನು ಹಿಂದಕ್ಕೆ ತರುವ ಬಟನ್ ಇಲ್ಲ. ಹಳೆಯ ಪರ್ಮಿಷನ್ ಏನಿತ್ತು ಎಂದು ಲಿನಕ್ಸ್ ಎಲ್ಲೂ ಬರೆದಿಡುವುದಿಲ್ಲ. ಮಧ್ಯಾಹ್ನದ ತನಕ ಕೂತು ಅಕ್ಕನವರನ್ನು ಕೇಳಿ ಕೇಳಿ ಒಂದೊಂದು ಫೋಲ್ಡರ್ ಸರಿ ಮಾಡಬೇಕಾಯಿತು.

ಬದಲಿಸಲೇಬೇಕಾದರೆ ಮೊದಲು ‘ಗೆಟ್‌ಎಫ್‌ಎಸಿಎಲ್’ ಕಮಾಂಡಿಗೆ ದೊಡ್ಡ ಆರ್ ಆಯ್ಕೆ ಕೊಟ್ಟು ಈಗಿನ ಪರ್ಮಿಷನ್‌ಗಳನ್ನೆಲ್ಲ ಒಂದು ಫೈಲ್‌ಗೆ ಬರೆಸಿಡಿ. ಕೆಟ್ಟರೆ ‘ಸೆಟ್‌ಎಫ್‌ಎಸಿಎಲ್’ನ ರಿಸ್ಟೋರ್ ಆಯ್ಕೆಯಿಂದ ವಾಪಸ್ ತರಬಹುದು. ಎರಡು ನಿಮಿಷದ ಕೆಲಸ.

ಗೇಟು ದಾಟಿದ ಮೇಲೆ

ಸಂಪರ್ಕದ ಪಟ್ಟಿಯಲ್ಲಿ ಸರಿಯಾದ ಹೆಸರೇ ಇದ್ದು, ಆದರೂ 5 ಬರುತ್ತಿದೆ ಎಂದುಕೊಳ್ಳಿ. ಆಗ ಎರಡನೇ ಬಾಗಿಲು, ಮೂರನೇ ಬಾಗಿಲು ನೋಡಬೇಕು. ಶೇರ್‌ನ ನಿಯಮವೂ ಬಿಡಬೇಕು, ಡಿಸ್ಕಿನ ಪರ್ಮಿಷನ್ನೂ ಬಿಡಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರ್‌ನ ನಿಯಮ ನೋಡಲು ‘ಟೆಸ್ಟ್‌ಪಾರ್ಮ್’ ಓಡಿಸಿ. ಕಡತದಲ್ಲಿ ಅಕ್ಷರ ತಪ್ಪಿದ್ದರೂ ಅದು ಹೇಳುತ್ತದೆ. ‘ವ್ಯಾಲಿಡ್ ಯೂಸರ್ಸ್’ ಸಾಲಿನಲ್ಲಿ ಗುಂಪಿನ ಹೆಸರಿನ ಮೊದಲು ಅಟ್ ಚಿಹ್ನೆ ಬಿಟ್ಟುಹೋಗಿದ್ದರೆ ಸಾಂಬಾ ಅದನ್ನು ಒಬ್ಬ ಮನುಷ್ಯನ ಹೆಸರೆಂದು ತಿಳಿಯುತ್ತದೆ. ಇನ್ನೊಂದು, ಶೇರ್‌ನಲ್ಲಿ ಏನೂ ಹೇಳದಿದ್ದರೆ ಸಾಂಬಾ ಅದನ್ನು ರೀಡ್ ಓನ್ಲಿ ಎಂದೇ ಇಟ್ಟುಕೊಳ್ಳುತ್ತದೆ.

ಡಿಸ್ಕಿನ ಕಡೆ ಜನ ನೋಡುವುದು ಕೊನೆಯ ಫೋಲ್ಡರ್ ಮಾತ್ರ. ಅದಕ್ಕೆ ಹೋಗುವ ದಾರಿಯಲ್ಲಿರುವ ಪ್ರತಿ ಫೋಲ್ಡರ್‌ಗೂ ದಾಟುವ ಹಕ್ಕು, ಅಂದರೆ ಎಕ್ಸ್ ಅಕ್ಷರ, ಬೇಕು. ಮೇಲಿನ ಒಂದು ಫೋಲ್ಡರ್ ಮುಚ್ಚಿದ್ದರೂ ಕೆಳಗಿನದಕ್ಕೆ 777 ಕೊಟ್ಟು ಉಪಯೋಗ ಇಲ್ಲ. ‘ನೇಮ್‌ಐ’ ಕಮಾಂಡಿಗೆ ಸಣ್ಣ ಎಲ್ ಆಯ್ಕೆ ಕೊಟ್ಟು ಪೂರ್ತಿ ದಾರಿ ಬರೆದರೆ ಮೇಲಿನಿಂದ ಕೆಳಗಿನ ತನಕ ಪರ್ಮಿಷನ್ ಸಾಲಾಗಿ ತೋರಿಸುತ್ತದೆ. ‘ಎಲ್‌ಎಸ್’ ಕಮಾಂಡಿಗೆ ಸಣ್ಣ ಎಲ್ ಕೊಟ್ಟಾಗ ಪರ್ಮಿಷನ್ ಅಕ್ಷರಗಳ ಕೊನೆಯಲ್ಲಿ ಪ್ಲಸ್ ಗುರುತಿದ್ದರೆ ಅಲ್ಲಿ ಹೆಚ್ಚಿನ ಎಸಿಎಲ್ (ಬೇರೆಯಾಗಿ ಕೊಟ್ಟ ಹಕ್ಕುಗಳ ಪಟ್ಟಿ) ಇದೆ, ಅದನ್ನೂ ನೋಡಿ. ಕಾಕ್‌ಪಿಟ್ ಇರುವ ಫೆಡೋರಾ, ಆಲ್ಮಾ ಲಿನಕ್ಸ್‌ನಂಥವುಗಳಲ್ಲಿ ಎಸ್‌ಇ‌ಲಿನಕ್ಸ್ ಎಂಬ ನಾಲ್ಕನೇ ಕಾವಲೂ ಇದೆ. ಮೂರೂ ಸರಿಯಿದ್ದು ಬಾಗಿಲು ತೆರೆಯದಿದ್ದರೆ ಫೋಲ್ಡರ್‌ಗೆ ಸಾಂಬಾದ ಲೇಬಲ್ ಇದೆಯಾ ನೋಡಿ.

ಗುಂಪಿಗೆ ಸೇರಿಸಿದ್ದು ಯಾಕೆ ಹತ್ತುತ್ತಿಲ್ಲ?

ಪೇಜ್‌ನಲ್ಲಿ ಹುಡುಗನನ್ನು ‘ಕಾಟಾ’ ಗುಂಪಿಗೆ ಸೇರಿಸಿ ಸೇವ್ ಮಾಡುತ್ತೀರಿ. ಅವನು ಫೋಲ್ಡರ್ ಮುಚ್ಚಿ ತೆರೆಯುತ್ತಾನೆ. ಅದೇ ಡಿನೈಡ್. ನೀವು ಮತ್ತೆ ಪೇಜ್‌ಗೆ ಹೋಗಿ ಇನ್ನೇನೋ ಬದಲಿಸುತ್ತೀರಿ. ಇಲ್ಲಿ ಕೈ ತಡೆಯಿರಿ. ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ಸಾಂಬಾ ನೋಡುವುದು ಲಾಗಿನ್ ಆಗುವಾಗ. ವಿಂಡೋ ಮುಚ್ಚಿದ ಮಾತ್ರಕ್ಕೆ ಆ ಸಂಪರ್ಕ ಮುಗಿಯುವುದಿಲ್ಲ. ಕಂಪ್ಯೂಟರ್‌ನಲ್ಲಿ ಸೈನ್ ಔಟ್ ಮಾಡಿಸಿ, ಇಲ್ಲವೇ ‘ನೆಟ್ ಯೂಸ್’ಗೆ ನಕ್ಷತ್ರ ಚಿಹ್ನೆ ಮತ್ತು ಡಿಲೀಟ್ ಆಯ್ಕೆ ಕೊಟ್ಟು ಎಲ್ಲ ಸಂಪರ್ಕ ಕಡಿಯಿರಿ. ಆಮೇಲೆ ನೋಡಿ.

ಇದಾದ ಮೇಲೂ ಹಳೆಯ ಹೆಸರೇ ಹೋಗುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆಯಿರಿ. ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದವರು ಪಾಸ್‌ವರ್ಡ್ ನೆನಪಿಡು ಎಂದು ಟಿಕ್ ಹಾಕಿರುತ್ತಾರೆ. ಆ ಸರ್ವರ್‌ನ ಹೆಸರಲ್ಲೂ, ಐಪಿಯಲ್ಲೂ ಇರುವ ಎರಡನ್ನೂ ತೆಗೆಯಿರಿ.

ಒಬ್ಬರು ಮಾಡಿದ ಫೈಲ್ ಇನ್ನೊಬ್ಬರಿಗೆ ರೀಡ್ ಓನ್ಲಿ

ಇಬ್ಬರೂ ಒಂದೇ ಗುಂಪು, ಇಬ್ಬರಿಗೂ ಫೋಲ್ಡರ್ ತೆರೆಯುತ್ತದೆ, ಆದರೆ ಒಬ್ಬರ ಶೀಟ್ ಇನ್ನೊಬ್ಬರು ತಿದ್ದಲು ಆಗುವುದಿಲ್ಲ. ಸಾಂಬಾದಲ್ಲಿ ಹೊಸ ಫೈಲ್‌ಗೆ ಮೊದಲಿನಿಂದ ಇರುವ ಮಾಸ್ಕ್ (ಯಾವ ಹಕ್ಕು ಉಳಿಯಬಹುದು ಎಂಬ ಮಿತಿ) 0744, ಫೋಲ್ಡರ್‌ಗೆ 0755. ಅಂದರೆ ಮಾಡಿದವರು ಬರೆಯಬಹುದು, ಗುಂಪಿನವರು ಬರೀ ಓದಬಹುದು. ಹಂಚಿಕೊಂಡು ಕೆಲಸ ಮಾಡುವ ಶೇರ್‌ಗೆ ವೆಬ್‌ಮಿನ್‌ನಲ್ಲಿ ಹೊಸ ಫೈಲ್‌ನ ಮೋಡ್ 0660, ಹೊಸ ಫೋಲ್ಡರ್‌ನದು 2770 ಎಂದು ಕೊಡಿ. ಆ ಮೊದಲ 2 ಮುಖ್ಯ. ಅದಿದ್ದರೆ ಒಳಗೆ ಹುಟ್ಟುವ ಎಲ್ಲದಕ್ಕೂ ಫೋಲ್ಡರ್‌ನ ಗುಂಪೇ ಬರುತ್ತದೆ. ಈಗಾಗಲೇ ಇರುವ ಫೋಲ್ಡರ್‌ಗೂ ಒಮ್ಮೆ 2770 ಕೊಟ್ಟು, ಗುಂಪು ಸರಿ ಮಾಡಿ. ಹಳೆಯ ಫೈಲ್‌ಗಳು ತಾವಾಗಿ ಬದಲಾಗುವುದಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ

ಬೇಸಿಗೆಯಲ್ಲಿ ನಮ್ಮ ಕಡೆ ಇದೂ ಇರುತ್ತದೆ. ಸರ್ವರ್‌ಗೆ ಯುಪಿಎಸ್ ಇದೆ, ಕಾಟಾ ಕಂಪ್ಯೂಟರ್‌ಗೆ ಇಲ್ಲ. ಫೈಲ್ ತೆರೆದಿದ್ದಾಗ ಕಂಪ್ಯೂಟರ್ ಆಫ್ ಆದರೆ ಸರ್ವರ್‌ಗೆ ಅದು ತಿಳಿಯುವುದಿಲ್ಲ. ಫೈಲ್ ಇನ್ನೂ ಅವರ ಕೈಯಲ್ಲೇ ಇದೆ ಎಂದುಕೊಳ್ಳುತ್ತದೆ. ಬೇರೆಯವರಿಗೆ ‘ಇನ್ನೊಬ್ಬರು ಬಳಸುತ್ತಿದ್ದಾರೆ’ ಎಂದು ಬರುತ್ತದೆ. ಇದು ಪರ್ಮಿಷನ್ ದೋಷ ಅಲ್ಲ. ‘ಎಸ್‌ಎಂಬಿಸ್ಟೇಟಸ್’ಗೆ ದೊಡ್ಡ ಎಲ್ ಕೊಟ್ಟರೆ ಯಾವ ಫೈಲ್ ಯಾರ ಹಿಡಿತದಲ್ಲಿದೆ ಎಂದು ತೋರಿಸುತ್ತದೆ. ಆ ಒಂದು ಸಂಪರ್ಕ ಮಾತ್ರ ಕಡಿಯಿರಿ. ಸಾಂಬಾ ಪೂರ್ತಿ ರೀಸ್ಟಾರ್ಟ್ ಮಾಡಿದರೆ ಬಿಲ್ ಹಾಕುತ್ತಿರುವವರ ಕೆಲಸವೂ ನಿಲ್ಲುತ್ತದೆ.

ರೂಟರ್ ಆಫ್ ಆಗಿ ಬಂದಾಗ ಸರ್ವರ್‌ಗೆ ಬೇರೆ ಐಪಿ ಸಿಕ್ಕಿರಬಹುದು. ಆಗ ಫೋಲ್ಡರ್‌ಗೆ 53 ಬರುತ್ತದೆ, ವೆಬ್‌ಮಿನ್ ಪೇಜೂ ತೆರೆಯುವುದಿಲ್ಲ. ರೂಟರ್‌ನಲ್ಲಿ ಸರ್ವರ್‌ಗೆ ಒಂದು ಐಪಿ ಕಾಯಂ ಮಾಡಿಡಿ. ಐಪಿ ಸರಿಯಿದ್ದೂ ಪೇಜ್ ಬರದಿದ್ದರೆ ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇದೆಯಾ, ಪೋರ್ಟ್ ಸರಿಯಾಗಿದೆಯಾ ನೋಡಿ. ವೆಬ್‌ಮಿನ್‌ಗೆ 10000, ಕಾಕ್‌ಪಿಟ್‌ಗೆ 9090. ಆ ಪೋರ್ಟನ್ನು ಹೊರಗಿನ ಇಂಟರ್‌ನೆಟ್‌ಗೆ ಮಾತ್ರ ತೆರೆಯಬೇಡಿ. 2019ರಲ್ಲಿ ವೆಬ್‌ಮಿನ್‌ನ 1.890ರಿಂದ 1.920ರವರೆಗಿನ ಆವೃತ್ತಿಗಳಲ್ಲಿ ಯಾರೋ ಕದ್ದು ಸೇರಿಸಿದ ಕೋಡ್ ಸಿಕ್ಕಿತ್ತು. ಅದರಿಂದ ಪಾಸ್‌ವರ್ಡ್ ಇಲ್ಲದೆಯೇ ಸರ್ವರ್ ಒಳಗೆ ನುಗ್ಗಬಹುದಿತ್ತು. 1.930ರಲ್ಲಿ ಸರಿ ಮಾಡಿದರು. ಹಳೆಯದನ್ನು ಹಾಕಿ ಮರೆತಿದ್ದರೆ ಇವತ್ತೇ ಅಪ್‌ಡೇಟ್ ಮಾಡಿ.

ಬಿಟ್ಟು ಹೋದವರ ಖಾತೆ

ರಾಯಚೂರಿನ ಒಂದು ಹತ್ತಿ ವ್ಯಾಪಾರದ ಆಫೀಸಿನಲ್ಲಿ ಹೊಸದಾಗಿ ಸೇರಿದ ಹೆಣ್ಣುಮಗಳು ಮೊದಲ ದಿನವೇ ಕೇಳಿದಳು, “ಸರ್, ಈ ಫೈಲ್ ನನ್ನ ಹೆಸರಿನ್ಯಾಗ ಯಾಕದಾವ್ರಿ? ನಾ ಮಾಡಿಲ್ಲ.” ಲಿನಕ್ಸ್ ಡಿಸ್ಕಿನ ಮೇಲೆ ಹೆಸರು ಬರೆಯುವುದಿಲ್ಲ, ನಂಬರ್ ಬರೆಯುತ್ತದೆ. ಹಿಂದಿನವರ ಖಾತೆ ಡಿಲೀಟ್ ಮಾಡಿದ್ದರು, ಫೈಲ್‌ಗಳು ಆ ನಂಬರ್‌ನಲ್ಲೇ ಉಳಿದಿದ್ದವು. ಅದೇ ನಂಬರ್ ಈಕೆಗೆ ಸಿಕ್ಕಿತ್ತು. ಅವಳು ಕೇಳಿದ್ದು ಒಳ್ಳೆಯದಾಯಿತು. ಡಿಲೀಟ್ ಮಾಡುವ ಮೊದಲು ಫೈಲ್‌ಗಳನ್ನು ಬೇರೆಯವರ ಹೆಸರಿಗೆ ವರ್ಗಾಯಿಸಿ. ‘ಫೈಂಡ್’ ಕಮಾಂಡಿನ ‘ನೋಯೂಸರ್’ ಆಯ್ಕೆಯಿಂದ ಒಡೆಯರಿಲ್ಲದ ಫೈಲ್‌ಗಳು ಸಿಗುತ್ತವೆ.

ಡಿಲೀಟ್ ಬದಲು ಖಾತೆ ಲಾಕ್ ಮಾಡುವುದು ಮೇಲು. ಆದರೆ ಲಿನಕ್ಸ್ ಪಾಸ್‌ವರ್ಡ್ ಲಾಕ್ ಮಾಡಿದರೆ ಸಾಂಬಾ ಲಾಕ್ ಆಗುವುದಿಲ್ಲ. ಪಟ್ಟಿ ಎರಡು ಎಂದು ಮೊದಲೇ ಹೇಳಿದೆನಲ್ಲ. ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ಗೆ ಸಣ್ಣ ಡಿ ಕೊಟ್ಟು ಅಲ್ಲೂ ನಿಲ್ಲಿಸಿ.

ಮಿಲ್ಲಿಗೆ ವಾಪಸ್ ಬರೋಣ. ಹುಡುಗನ ಹೆಸರು ಸಾಂಬಾಕ್ಕೆ ಸೇರಿಸಿ, ಹೊಸ ಪಾಸ್‌ವರ್ಡ್ ಕೊಟ್ಟು, ಸೈನ್ ಔಟ್ ಮಾಡಿಸಿದೆ. ಪರೀಕ್ಷೆ ಮಾತ್ರ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಲಿಲ್ಲ. ಅವನದೇ ಕುರ್ಚಿ, ಅವನದೇ ಕೈ. ಕಾಟಾ ಫೋಲ್ಡರ್ ತೆರೆಯಿತು. ಒಂದು ಖಾಲಿ ಚೀಟಿ ಮಾಡಿಸಿದೆ, ಅಕ್ಕನವರ ಕಂಪ್ಯೂಟರ್‌ನಿಂದ ಅದನ್ನು ತಿದ್ದಿಸಿದೆ, ಆಮೇಲೆ ಅಳಿಸಿಸಿದೆ. “ಈಗ ಪಗಾರದ ಫೋಲ್ಡರ್ ತೆಗಿ” ಎಂದೆ. ಅವನು ಹಿಂದೆ ಮುಂದೆ ನೋಡಿ ಕ್ಲಿಕ್ ಮಾಡಿದ. ಆಕ್ಸೆಸ್ ಡಿನೈಡ್ ಬಂತು. ಸರ್ವರ್‌ನ ಸಂಪರ್ಕದ ಪಟ್ಟಿಯಲ್ಲಿ ಕಾಟಾ ಕಂಪ್ಯೂಟರ್ ಎದುರು ಈಗ ಅವನ ಹೆಸರೇ ಇತ್ತು. ಹೊರಗೆ ಕಾಟಾ ಮೇಲೆ ಒಂದು ಟ್ರ್ಯಾಕ್ಟರ್ ಹತ್ತಿ ನಿಂತಿತ್ತು, ಅವನು ಅದರ ಚೀಟಿ ಶುರು ಮಾಡಿದ.